ಹೇಳದೆ ಉಳಿದ ಮಾತು

ಆಜ್ಞೆಯೊಂದು ಅಸ್ಪಷ್ಟವಾಗಿದ್ದಾಗ ಅದನ್ನು ಪಾಲಿಸಬೇಕಾದವನಿಗೆ ಒಂದು ವಿಚಿತ್ರ ಸ್ವಾತಂತ್ರ್ಯ ದೊರೆಯುತ್ತದೆ. ತನಗೆ ಸುಲಭವಾದ ಅರ್ಥವನ್ನು ಆರಿಸಿಕೊಂಡು, ಹೇಳಿದಂತೆಯೇ ಮಾಡಿದೆನೆಂದು ಆತ ನಿಶ್ಚಿಂತನಾಗಿರಬಹುದು. ಇದರ ನೈತಿಕ ಮುಖವನ್ನು ನಾನು ಯೋಚಿಸುವಂತಾದುದು ತಂಗಿಯ ಮಗಳ ಕಂಪ್ಯೂಟರ್ ಪಾಠದಿಂದ.

ತುರುವೇಕೆರೆಯಿಂದ ನಿತ್ಯ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಇಂಜಿನಿಯರಿಂಗ್ ಓದುವ ಆಕೆಗೆ ಅಧ್ಯಾಪಕರು ಕೊಟ್ಟ ಅಸೈನ್‌ಮೆಂಟ್ ಎರಡೇ ವಾಕ್ಯದ್ದು: 'ದಿನದ ಕೊಬ್ಬರಿ ಲಾಟುಗಳ ಸರಾಸರಿ ಧಾರಣೆಯನ್ನು ಕಂಡುಹಿಡಿಯುವ ಪ್ರೋಗ್ರಾಂ ಬರೆಯಿರಿ. ತಪ್ಪು ದಾಖಲೆಗಳನ್ನು ಕೈಬಿಡಿ.' ಲಾಟಿನ ಸಂಖ್ಯೆ, ತೂಕ, ಕ್ವಿಂಟಾಲ್ ಧಾರಣೆಗಳಿದ್ದ ಕಡತವೊಂದು ಜೊತೆಗಿತ್ತು. ನಮ್ಮ ನೆಲದ ವಸ್ತುವನ್ನೇ ಲೆಕ್ಕಕ್ಕೆ ಆರಿಸಿದ ಆ ಅಧ್ಯಾಪಕರ ಬಗ್ಗೆ ನನಗೆ ಗೌರವವೇ ಉಂಟು. ಆದರೆ ಸರಾಸರಿ ಎಂದರೆ ಯಾವುದು?

9 ಕ್ವಿಂಟಾಲಿನ ಲಾಟು 20,000 ರೂಪಾಯಿ ಧಾರಣೆಗೆ, 1 ಕ್ವಿಂಟಾಲಿನದು 16,000ಕ್ಕೆ ಹೋಯಿತೆನ್ನಿ. ಧಾರಣೆಗಳನ್ನಷ್ಟೇ ಕೂಡಿ ಎರಡರಿಂದ ಭಾಗಿಸಿದರೆ 18,000. ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದರೆ 19,600. ಎರಡೂ ಸರಾಸರಿಯೇ. ಮೊದಲನೆಯದನ್ನು ಬರೆಯುವುದು ಸುಲಭ. ಕ್ವಿಂಟಾಲಿಗೆ ನಿಜವಾಗಿ ಸಂದ ಹಣವನ್ನು ಹೇಳುವುದು ಎರಡನೆಯದು.

'ತಪ್ಪು ದಾಖಲೆ' ಇನ್ನೂ ಸೂಕ್ಷ್ಮ. ಕೆಲವು ಲಾಟುಗಳ ಮುಂದೆ ಧಾರಣೆ ಸೊನ್ನೆ ಎಂದಿತ್ತು. ಸಹಪಾಠಿಗಳು ಅವನ್ನು ತಪ್ಪೆಂದೇ ತೆಗೆದುಹಾಕಿದ್ದರಂತೆ.

"ಸೊನ್ನೆ ಬೆಲೆಗೆ ಯಾರಾದರೂ ಮಾರುತ್ತಾರೆಯೇ ಮಾವ?" ಎಂದಳು.

ಮಾರುವುದಿಲ್ಲ, ನಿಜ. ಆದರೆ ಟೆಂಡರಿನಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಕೊಡಲಾರೆನೆನ್ನುವ ಹಕ್ಕು ರೈತನಿಗಿದೆ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಸುಲಿದು ಒಡೆದು, ಉಂಡೆಕೊಬ್ಬರಿಯನ್ನು ಚಿಕ್ಕನಾಯಕನಹಳ್ಳಿಯ ಕಡೆಯಿಂದ ಹೇರಿಕೊಂಡು ಬಂದವನು ಇಂದಿನ ಬೆಲೆ ಬೇಡವೆಂದಿದ್ದರೆ, ಅದು ಮಾರಾಟವಾಗದ ಲಾಟು. ಅದನ್ನು ಸರಾಸರಿಗೆ ಸೇರಿಸಲಾಗದು. ತಪ್ಪುಗಳ ರಾಶಿಗೆ ತಳ್ಳುವುದೂ ನ್ಯಾಯವಲ್ಲ. ತೂಕವೇ ಋಣಸಂಖ್ಯೆಯಾಗಿದ್ದರೆ ಅದು ಸಂಶಯವಿಲ್ಲದ ತಪ್ಪು.

ಪದವೊಂದನ್ನು ಯಾವ ಅರ್ಥದಲ್ಲಿ ಇರಿಸಿದ್ದಾರೆಂದು ಮೊದಲು ನಿಶ್ಚಯಿಸುವ ಕ್ರಮವನ್ನು ನಮ್ಮ ಶಾಸ್ತ್ರಕಾರರು ನಿಕ್ಷೇಪವೆಂದರು. ಸ್ವಾಧ್ಯಾಯಶೀಲರಿಗೆ ಇದು ಹೊಸದಲ್ಲ. ಕಂಪ್ಯೂಟರಿನವರೂ ಈ ಕಷ್ಟವನ್ನು ಬಲ್ಲರು. ಸಿ ಭಾಷೆಗೆ 1989ರಲ್ಲಿ ಅಮೆರಿಕದಲ್ಲಿ ಗೊತ್ತುಪಡಿಸಿದ ಪ್ರಮಾಣವು ಕೆಲವು ಸಂಗತಿಗಳನ್ನು ಕಂಪೈಲರ್ ರಚಿಸುವವರ ನಿರ್ಧಾರಕ್ಕೇ ಬಿಟ್ಟಿತು. ಆದರೆ ಏನು ನಿರ್ಧರಿಸಿದಿರೆಂಬುದನ್ನು ಬರೆದು ತಿಳಿಸಬೇಕೆಂದು ವಿಧಿಸಿತು. ಆರಿಸುವ ಅಧಿಕಾರದ ಜೊತೆಗೇ ತಿಳಿಸುವ ಹೊಣೆಯನ್ನೂ ಕಟ್ಟಿದ ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ಅಧ್ಯಾಪಕರನ್ನೇ ಕೇಳೆಂದೆ. 'ಪ್ರಶ್ನೆ ಅರ್ಥವಾಗಲಿಲ್ಲ' ಎಂದಷ್ಟೇ ಹೇಳದೆ, ಎರಡು ಲಾಟುಗಳ ಆ ಚಿಕ್ಕ ಲೆಕ್ಕವನ್ನೂ ಅದರ ಎರಡು ಉತ್ತರಗಳನ್ನೂ ಬರೆದುಕೊಂಡು ಹೋದಳು. ತೂಕವನ್ನು ಗಣಿಸಿದ ಸರಾಸರಿಯೇ ಬೇಕೆಂದು ಅವರು ಒಡನೆ ಹೇಳಿದರಂತೆ. ಸೊನ್ನೆಯ ವಿಷಯವನ್ನು ಆಕೆಯ ವಿವೇಚನೆಗೆ ಬಿಟ್ಟರಂತೆ. ಧಾರಣೆ ಸೊನ್ನೆಯಾದ ಲಾಟುಗಳನ್ನು ಮಾರಾಟವಾಗದವೆಂದು ಭಾವಿಸಿ ಬೇರೆಯಾಗಿ ಎಣಿಸಿರುವುದಾಗಿ ಆಕೆ ಪ್ರೋಗ್ರಾಮಿನ ಆರಂಭದಲ್ಲಿಯೇ ಟಿಪ್ಪಣಿ ಬರೆದಳು. ಈಗ ಸರಾಸರಿಯ ಕೆಳಗೆ ಅವುಗಳ ಸಂಖ್ಯೆಯೂ ಮುದ್ರಿತವಾಗುತ್ತದೆ. ಒಂದು ಲಾಟೂ ಮಾರಾಟವಾಗದ ದಿನ ಸರಾಸರಿಯ ಜಾಗದಲ್ಲಿ 'ಮಾರಾಟವಿಲ್ಲ' ಎಂದು ಬರುತ್ತದೆ.