ಮಣಿಕಟ್ಟಿನ ಗಂಟು

ಮೈಮೇಲೆ ಗಂಟು ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ಚಿಕ್ಕಮ್ಮ ಸ್ತನದ ಗಂಟನ್ನು ಯಾರಿಗೂ ಹೇಳದೆ ಇದ್ದು ತೀರಿಕೊಂಡರು. ಹಾಗಾಗಿ ಹೋದ ವರ್ಷ ನನ್ನ ಮಣಿಕಟ್ಟಿನ ಮೇಲೆ ಗೋಲಿಯಷ್ಟು ಗಂಟು ಎದ್ದಾಗ ನಿದ್ದೆಯೇ ಬರಲಿಲ್ಲ.

"ದಪ್ಪ ಪುಸ್ತಕ ತಗೊಂಡು ಒಂದೇಟು ಹಾಕು, ಒಡೆದುಹೋಗುತ್ತೆ" ಅಂದರು ಅತ್ತೆ. ಮೂಳೆ ಡಾಕ್ಟರು ಅದನ್ನು ಕೇಳಿ, "ಹಾಗೆಲ್ಲ ಮಾಡ್ಬೇಡಿ ಅಮ್ಮಾ, ಮೂಳೆಗೇ ಪೆಟ್ಟಾದೀತು" ಎಂದರು. ಕೋಣೆಯ ಲೈಟ್ ಆರಿಸಿ ಗಂಟಿಗೆ ಪುಟ್ಟ ಟಾರ್ಚ್ ಹಿಡಿದರು. ಒಳಗೆಲ್ಲ ಬೆಳಕು ಹರಡಿತು. "ನೋಡಿ, ಇದರಲ್ಲಿರೋದು ಲೋಳೆ ಅಷ್ಟೇ. ಗ್ಯಾಂಗ್ಲಿಯಾನ್ ಅಂತಾರೆ. ಕ್ಯಾನ್ಸರ್ ಅಲ್ಲ." ಎದೆಯ ಭಾರ ಇಳಿಯಿತು.

ಕೀಲಿನ ಪೊರೆಯಿಂದ ಹುಟ್ಟುವ ಈ ಗಂಟು 20ರಿಂದ 40ರ ವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಸುಮಾರು ಅರ್ಧದಷ್ಟು ತಾವಾಗಿಯೇ ಕರಗುತ್ತವೆ. ಸೂಜಿಯಿಂದ ಲೋಳೆ ತೆಗೆದರೆ ಎಷ್ಟೋ ಸಲ ಮತ್ತೆ ತುಂಬಿಕೊಳ್ಳುತ್ತದೆ. ಆಪರೇಷನ್ ಆದರೆ ಮರಳುವುದು ಕಡಿಮೆ, ಆದರೂ ಇಲ್ಲವೆನ್ನಲಾಗದು. ನೋವು ಜಾಸ್ತಿಯಾದರೆ, ಬೆರಳು ಜೋಮು ಹಿಡಿದರೆ, ಕೈಯ ಹಿಡಿತ ಸಡಿಲಾದರೆ ಆಗ ಅದರ ಯೋಚನೆ.

ನನಗೆ ಚಪಾತಿ ಲಟ್ಟಿಸುವಾಗ ಸ್ವಲ್ಪ ನೋಯುತ್ತೆ, ಆ ಕೆಲಸ ಈಗ ಮಗನದು! ಗಂಟು ಅಲ್ಲೇ ಇದೆ, ಇರಲಿ. ನಿಮಗೂ ಇಂಥದ್ದು ಕಂಡರೆ, ಪುಸ್ತಕ ಕೈಗೆತ್ತಿಕೊಳ್ಳುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ.