ಎರೆಹೊಲದ ಟೈರು, ಡಾಂಬರಿನ ಹಾದಿ

ತುರುವನೂರು ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು 1939ರ ಈಚಲು ಮರ ಕಡಿಯುವ ಸತ್ಯಾಗ್ರಹ. ರೈತರಿಗೆ ನೆನಪಾಗುವುದು ಎರೆಭೂಮಿ. ನನಗೆ ಮಾತ್ರ ಈಚೆಗೆ ಊರಿನ ಹೆಸರು ಕೇಳಿದರೆ ಮೋಟಾರ್ ಸೈಕಲ್ಲಿನ ಟೈರು ನೆನಪಾಗುತ್ತಿದೆ. ನಿವೃತ್ತ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಟೈರಿನ ಚಿಂತೆ ಏಕೆ ಬಂತೆಂದು ನೀವು ನಗಬಹುದು. ಮೂವತ್ತು ವರ್ಷ ಘರ್ಷಣೆಯ ಪಾಠ ಮಾಡಿದವನಿಗೆ ಆ ಪಾಠದಲ್ಲಿ ಉಳಿದುಕೊಂಡಿದ್ದ ಒಂದು ಸ್ವಾರಸ್ಯವನ್ನು ಈಚೆಗೆ ಒಬ್ಬ ಹಳೆಯ ವಿದ್ಯಾರ್ಥಿ ಮತ್ತೆ ತೆರೆದು ತೋರಿಸಿದನು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಹುಡುಗ (ಈಗ ಮೂವತ್ತೈದು ದಾಟಿದವನು, ಆದರೂ ನನಗೆ ಹುಡುಗನೇ) ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ತಂದೆಗೆ ಪಾರ್ಶ್ವವಾಯು ಬಡಿದ ಮೇಲೆ ಪ್ರತಿ ಶನಿವಾರ ಊರಿಗೆ ಬಂದು ಹೊಲ, ಮನೆ ಎರಡನ್ನೂ ನೋಡಿಕೊಂಡು ಭಾನುವಾರ ಸಂಜೆ ಹಿಂದಿರುಗುತ್ತಾನೆ. ಅದಕ್ಕಾಗಿಯೇ ಎತ್ತರದ, ಕಲ್ಲುಮಣ್ಣಿನ ಹಾದಿಗೂ ಒಗ್ಗುವ ಬೈಕೊಂದನ್ನು ಕೊಂಡಿದ್ದನು. ಅದರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆಯೂ ಇತ್ತು. ಹಿಂಗಾರಿನಲ್ಲಿ ಹೊಲದ ದಾರಿಯಲ್ಲಿ ಎರಡು ಸಲ ಹೂತುಕೊಂಡ ಬಳಿಕ, ಹಿಂದಿನ ಚಕ್ರಕ್ಕೆ ದಪ್ಪ ಉಬ್ಬುಗಳಿರುವ, ನಮ್ಮ ಕಡೆ ಬಟನ್ ಟೈರು ಎನ್ನುತ್ತಾರಲ್ಲ, ಅಂಥದೊಂದನ್ನು ಹಾಕಿಸುವುದಾಗಿ ಹೇಳಿದನು.

"ಡಾಂಬರಿನ ಮೇಲೆ ಅದು ಜಾರುವುದಿಲ್ಲವೇನಪ್ಪಾ?" ಎಂದು ಕೇಳಿದೆ.

"ಜಾರಿದರೆ ಗಾಡಿಯೇ ನೋಡಿಕೊಳ್ಳುತ್ತದೆ ಸಾರ್. ಮೀಟರಿನಲ್ಲಿ ಒಂದು ದೀಪ ಮಿನುಗುತ್ತದೆ, ಎಂಜಿನ್ನು ತಾನಾಗಿಯೇ ತಗ್ಗುತ್ತದೆ" ಎಂದನು.

ಈ 'ಗಾಡಿಯೇ ನೋಡಿಕೊಳ್ಳುತ್ತದೆ' ಎಂಬ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅದಕ್ಕೆ ಕಾರಣವಿದೆ. ನನ್ನೊಡನೆ ಕೆಲಸ ಮಾಡುತ್ತಿದ್ದ ದೈಹಿಕ ಶಿಕ್ಷಕರೊಬ್ಬರು ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇಟ್ಟುಕೊಂಡಿದ್ದರು. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಲ್ಲಿಂದ ಬಂದ ಗಾಡಿಗಳ ಸದ್ದು ನಿಮ್ಮಲ್ಲಿ ಹಲವರ ಕಿವಿಯಲ್ಲಿ ಇನ್ನೂ ಇದ್ದೀತು. ಒಂದು ಸುಗ್ಗಿಯ ಸಂಜೆ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ್ದ ಹುರುಳಿಯ ಮೇಲೆ ಅವರ ಮುಂದಿನ ಚಕ್ರ ಜಾರಿತು. ಸೊಂಟದ ಮೂಳೆ ಮುರಿಯಿತು. ಜೀವ ಉಳಿಯಿತು. ಆದರೆ ಆಟದ ಮೈದಾನದಲ್ಲಿ ಮಕ್ಕಳೊಡನೆ ಓಡುತ್ತಿದ್ದ ಆ ಮನುಷ್ಯ ಅಂದಿನಿಂದ ಕುರ್ಚಿಯ ಮೇಲೆ ಕುಳಿತೇ ಸೀಟಿ ಊದಿದರು. ಕಣ ಮಾಡುವಷ್ಟು ಜಾಗವಾಗಲಿ ಆಳುಗಳಾಗಲಿ ಇಲ್ಲದ ರೈತನ ಕಷ್ಟವೂ ನನಗೆ ಗೊತ್ತು. ಗೊತ್ತಿದ್ದರೂ ಆ ಕುರ್ಚಿ ಕಣ್ಣ ಮುಂದಿನಿಂದ ಸರಿಯುವುದಿಲ್ಲ.

ಟ್ರ್ಯಾಕ್ಷನ್ ಕಂಟ್ರೋಲ್ ಎಂದರೇನು? ಎರಡೂ ಚಕ್ರಗಳ ಮಧ್ಯದಲ್ಲಿ ಹಲ್ಲುಗಳೋ ಕಿಂಡಿಗಳೋ ಇರುವ ಒಂದೊಂದು ಉಂಗುರವಿರುತ್ತದೆ. ಅದರ ಪಕ್ಕದ ಸಂವೇದಕವು ಕ್ಷಣಕ್ಷಣಕ್ಕೂ ಆ ಹಲ್ಲುಗಳನ್ನು ಎಣಿಸುತ್ತದೆ. ಎ.ಬಿ.ಎಸ್. ಬ್ರೇಕಿಗೂ ಇದೇ ಎಣಿಕೆ ಬೇಕು. ಎಂಜಿನ್ನಿನ ಬಲ ಬೀಳುವುದು ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರ ಬರಿದೇ ಉರುಳುತ್ತದೆ. ಆದುದರಿಂದ ಮುಂದಿನದು ರಸ್ತೆಯ ನಿಜವಾದ ವೇಗವನ್ನು ಹೇಳುತ್ತದೆ. ಹಿಂದಿನದು ಅದಕ್ಕಿಂತ ಗೊತ್ತಾದ ಮಿತಿ ಮೀರಿ ವೇಗವಾಗಿ ತಿರುಗಿದರೆ ಅದು ಜಾರುತ್ತಿದೆ ಎಂದರ್ಥ. ಆಗ ವಾಹನದ ಗಣಕವು ಕಿಡಿಯನ್ನು ತಡಮಾಡಿಯೋ, ಗಾಳಿಯ ಕವಾಟವನ್ನು ಮುಚ್ಚಿಯೋ ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಹೋಂಡಾ ಕಂಪನಿ 1992ರಲ್ಲಿಯೇ ತನ್ನ ಎಸ್.ಟಿ. 1100 ಎಂಬ ದೊಡ್ಡ ಪ್ರವಾಸಿ ಬೈಕಿನಲ್ಲಿ ಇದನ್ನು ಕೊಟ್ಟಿತ್ತು. ನಮ್ಮ ದೇಶದ ಮಧ್ಯಮ ಬೆಲೆಯ ಸಾಹಸ ಬೈಕುಗಳಲ್ಲಿ 2020ರ ಜನವರಿಯಲ್ಲಿ ಬಂದ ಕೆ.ಟಿ.ಎಂ. 390 ಅಡ್ವೆಂಚರ್‌ನಲ್ಲಿ ಇದು ಇತ್ತು. 2023ರ ನವೆಂಬರಿನಲ್ಲಿ ಬಿಡುಗಡೆಯಾದ ಹಿಮಾಲಯನ್ 450ರಲ್ಲಿ ಆಗ ಇದು ಇರಲಿಲ್ಲ. ಎಂದರೆ ಇದು ಇದ್ದರೇ ಬೈಕು, ಇಲ್ಲದಿದ್ದರೆ ಅಲ್ಲ ಎಂಬಂಥ ವಸ್ತುವೇನೂ ಅಲ್ಲ.

ಗಮನಿಸಬೇಕಾದ ಅಂಶವೆಂದರೆ, ಗಣಕಕ್ಕೆ ರಸ್ತೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಸುತ್ತುಗಳ ಲೆಕ್ಕ ಮಾತ್ರ. ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ಕಾರ್ಖಾನೆಯವರು ತಾವು ಹಾಕಿದ ಟೈರಿನ ಅಳತೆಗೆ ತಕ್ಕಂತೆ ಅದರಲ್ಲಿ ಬರೆದಿಟ್ಟಿರುತ್ತಾರೆ. ಟೈರು ಬದಲಾದರೆ ಆ ಲೆಕ್ಕವೂ ಬದಲಾಗಬೇಕಲ್ಲವೇ?

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಮೇಲೆಂದು, ಆ ಶನಿವಾರ ಅವನನ್ನು ಬೈಕಿನೊಡನೆ ನಮ್ಮ ಮನೆಯ ಮುಂದೆ ನಿಲ್ಲಿಸಿಕೊಂಡೆ. ಹಿಂದಿನ ಟೈರಿನ ಮೇಲೂ ಅದರ ಕೆಳಗಿನ ಸಿಮೆಂಟು ನೆಲದ ಮೇಲೂ ಸೀಮೆಸುಣ್ಣದಿಂದ ಗೆರೆ ಎಳೆದೆವು. ಅವನು ಮೇಲೆ ಕುಳಿತಂತೆಯೇ ಪಕ್ಕದ ಮನೆಯ ಇಬ್ಬರು ಹುಡುಗರು ಗಾಡಿಯನ್ನು ಒಂದು ಪೂರ್ತಿ ಸುತ್ತು ಮುಂದಕ್ಕೆ ತಳ್ಳಿದರು. ಅಳತೆಯ ಟೇಪು ಹಿಡಿದೆವು. ಮೂರು ಸಲ ಅಳೆದು ಸರಾಸರಿ ತೆಗೆದಾಗ 1,960 ಮಿಲಿಮೀಟರು ಬಂತು. ಸವೆದಿದ್ದ ಹಳೆಯ ಟೈರು ಅದು. ಮಧ್ಯಾಹ್ನ ಚಿತ್ರದುರ್ಗಕ್ಕೆ ಹೋಗಿ ಬಟನ್ ಟೈರು ಹಾಕಿಸಿಕೊಂಡು ಬಂದನು. ಗಾಳಿ ಅಷ್ಟೇ, ಕುಳಿತವನೂ ಅವನೇ. ಈಗ ಬಂದುದು 2,010 ಮಿಲಿಮೀಟರು. ಐವತ್ತು ಮಿಲಿಮೀಟರಿನ ವ್ಯತ್ಯಾಸ, ಅಂದರೆ ಶೇಕಡಾ ಎರಡೂವರೆ.

"ಎರಡೂವರೆ ತಾನೇ ಸಾರ್!" ಎಂದನು.

"ಗಂಟೆಗೆ 80 ಕಿಲೋಮೀಟರಿನಲ್ಲಿ ಎರಡೂವರೆ ಅಂದರೆ ಎಷ್ಟಪ್ಪಾ?" ಎಂದೆ. ಹತ್ತನೆಯ ತರಗತಿಯಲ್ಲಿ ಮಾಡುತ್ತಿದ್ದಂತೆಯೇ ಕಣ್ಣು ಮೇಲೆತ್ತಿ ಲೆಕ್ಕ ಹಾಕಿ "ಎರಡು ಕಿಲೋಮೀಟರು" ಎಂದನು. ಮುಂದಿನ ಟೈರು ಹಳೆಯದೇ ಉಳಿದು ಹಿಂದಿನದು ಮಾತ್ರ ದೊಡ್ಡದಾದುದರಿಂದ, ಹಿಂದಿನ ಚಕ್ರ ಈಗ ಮೊದಲಿಗಿಂತ ನಿಧಾನವಾಗಿ ಸುತ್ತುತ್ತದೆ. ಅದು ನಿಜವಾಗಿ ಎರಡು ಕಿಲೋಮೀಟರಿನಷ್ಟು ಜಾರತೊಡಗಿದರೂ ಗಣಕಕ್ಕೆ ಎರಡೂ ಚಕ್ರಗಳ ಲೆಕ್ಕ ಹಿಂದಿನಂತೆಯೇ ತಾಳೆಯಾಗಿ ಕಾಣುತ್ತದೆ. ದೀಪ ಮಿನುಗಬೇಕಾದ ಹೊತ್ತಿಗೆ ಮಿನುಗುವುದಿಲ್ಲ. ಇದರ ವಿರುದ್ಧವೂ ಉಂಟು. ಆಳವಾದ ಉಬ್ಬುಗಳು ಸವೆಯುತ್ತ ಹೋದಂತೆ ಟೈರು ಕಿರಿದಾಗುತ್ತದೆ. 320 ಮಿಲಿಮೀಟರು ತ್ರಿಜ್ಯದ ಟೈರಿನಲ್ಲಿ 8 ಮಿಲಿಮೀಟರು ಸವೆದರೆ ಅದೂ ಶೇಕಡಾ ಎರಡೂವರೆಯೇ. ಆಗ ಹಿಂದಿನ ಚಕ್ರ ಜಾರದಿದ್ದರೂ ಜಾರಿದಂತೆ ಕಂಡು, ಲಾರಿಯನ್ನು ಹಿಂದೆ ಹಾಕಬೇಕಾದ ಹೊತ್ತಿನಲ್ಲಿ ಎಂಜಿನ್ನು ತಗ್ಗಬಹುದು. ಕೆಲವು ವಾಹನಗಳ ಗಣಕ ನೇರ ಓಟದಲ್ಲಿ ಈ ಅಂತರವನ್ನು ತಾನೇ ಕಲಿತು ಸರಿಪಡಿಸಿಕೊಳ್ಳುತ್ತದೆ. ಎಲ್ಲವೂ ಹಾಗಲ್ಲ. ಟೈರು ಬದಲಿಸುವುದಾದರೆ ಎರಡನ್ನೂ ಒಂದೇ ಜಾತಿಯ ಜೋಡಿಯಾಗಿ, ಕಂಪನಿ ಹೇಳಿದ ಅಳತೆಯಲ್ಲಿಯೇ ಬದಲಿಸಬೇಕೆನ್ನುವುದು ಇದಕ್ಕೇ.

ಇದು ಎಣಿಕೆಯ ಮಾತಾಯಿತು. ಹಿಡಿತದ ಮಾತು ಬೇರೆಯೇ ಇದೆ. ಘರ್ಷಣೆಯು ತಗಲುವ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂಬ ನಿಯಮವನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. 1699ರಲ್ಲಿ ಫ್ರಾನ್ಸಿನ ಅಮೊಂಟನ್ ಹೇಳಿದ ಆ ನಿಯಮ ಮರ, ಕಬ್ಬಿಣಗಳಂಥ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಒಪ್ಪುತ್ತದೆ. ರಬ್ಬರಿನ ಸ್ವಭಾವ ಬೇರೆ. ಅದು ಡಾಂಬರಿನ ಸಣ್ಣ ಜಲ್ಲಿಕಲ್ಲುಗಳ ಸಂದುಗಳಿಗೆ ಇಳಿದು, ಬಾಗಿ, ಅಂಟಿಕೊಂಡು ಹಿಡಿಯುತ್ತದೆ. ಅದೇ ಭಾರವನ್ನು ಕಡಿಮೆ ರಬ್ಬರಿನ ಮೇಲೆ ಹೊರಿಸಿದರೆ ಘರ್ಷಣಾ ಗುಣಾಂಕ ತಗ್ಗುತ್ತದೆ. ಬಟನ್ ಟೈರಿನಲ್ಲಿ ನೆಲ ಮುಟ್ಟುವ ರಬ್ಬರಿಗಿಂತ ನಡುವಿನ ಕಣಿವೆಗಳೇ ಹೆಚ್ಚು ಕಾಣುತ್ತವೆ. ಮೇಲಾಗಿ, ಎತ್ತರವಾದ ಆ ಉಬ್ಬುಗಳು ಎಂಜಿನ್ನು ತಳ್ಳಿದಾಗ, ಬ್ರೇಕು ಎಳೆದಾಗ, ಗಾಡಿ ತಿರುವಿನಲ್ಲಿ ಓರೆಯಾದಾಗ ಹಲ್ಲುಜ್ಜುವ ಬ್ರಷ್ಷಿನ ಎಳೆಗಳಂತೆ ಬಾಗುತ್ತವೆ. ಹೀಗಾಗಿ ರಸ್ತೆಯ ಟೈರು ಜಾರುವ ಮುನ್ನ ಸವಾರನಿಗೆ ಕೊಡುವ ಸ್ಪಷ್ಟ ಸೂಚನೆ ಇದರಲ್ಲಿ ಮಸುಕಾಗುತ್ತದೆ. ನುಣುಪಾದ ಟೈರಿಗೆಂದು ಹೊಂದಿಸಿದ ಟ್ರ್ಯಾಕ್ಷನ್ ಕಂಟ್ರೋಲ್ ಈ ಅಲುಗಾಟವನ್ನೂ ಜಾರಿಕೆ ಎಂದೆಣಿಸಿ ಮತ್ತೆ ಮತ್ತೆ ಎಂಜಿನ್ನಿಗೆ ಕಡಿವಾಣ ಹಾಕುವುದುಂಟು. ಕಡಿವಾಣ ಹಾಕಬಲ್ಲುದೇ ಹೊರತು, ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಗಾಡಿ ಬ್ರೇಕು ಹಿಡಿದ ಮೇಲೆ, ಘರ್ಷಣಾ ಗುಣಾಂಕ 0.8 ಇದ್ದರೆ ಸುಮಾರು 18 ಮೀಟರಿನಲ್ಲಿ ನಿಲ್ಲುತ್ತದೆ. ಅದು 0.4ಕ್ಕೆ ಇಳಿದರೆ 35 ಮೀಟರು ಬೇಕು. ಎಷ್ಟೇ ಬುದ್ಧಿವಂತ ಗಣಕವಾದರೂ ಈ ಹೆಚ್ಚಿನ 17 ಮೀಟರನ್ನು ಮನ್ನಾ ಮಾಡಲಾರದು. ಇನ್ನೊಂದು ಮಾತು. ಟ್ರ್ಯಾಕ್ಷನ್ ಕಂಟ್ರೋಲ್ ಕಾಯುವುದು ಎಂಜಿನ್ನಿನ ಬಲದಿಂದ ಹಿಂದಿನ ಚಕ್ರ ಜಾರುವುದನ್ನು ಮಾತ್ರ. ತಿರುವಿಗೆ ಅತಿವೇಗದಿಂದ ನುಗ್ಗಿದವನ ಮುಂದಿನ ಚಕ್ರ ಜಾರಿದರೆ ಅದರ ಬಳಿ ಔಷಧವಿಲ್ಲ. ಹುರುಳಿಯ ಮೇಲೆ ನಮ್ಮ ದೈಹಿಕ ಶಿಕ್ಷಕರನ್ನು ಕೆಡವಿದ್ದು ಮುಂದಿನ ಚಕ್ರ. ಆ ಯೆಜ್ಡಿಯಲ್ಲಿ ಇಂದಿನ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದಿದ್ದರೂ ಅವರು ಬೀಳುತ್ತಿದ್ದರು.

ಹಾಗಾದರೆ ಬಟನ್ ಟೈರು ಕೆಟ್ಟದ್ದೇ? ಹಾಗೆಂದರೆ ಅನ್ಯಾಯವಾದೀತು. ಸಡಿಲ ಮಣ್ಣಿನಲ್ಲಿ, ಮರಳಿನಲ್ಲಿ ಉಬ್ಬುಗಳು ಒಳಗಿಳಿದು ಕಾಲೂರುತ್ತವೆ. ಅಲ್ಲಿ ಚಕ್ರ ಸ್ವಲ್ಪ ಜಾರಿಯೇ ಮುಂದೆ ಸಾಗಬೇಕು. ಅದಕ್ಕೆಂದೇ ಕೆಲವು ಬೈಕುಗಳಲ್ಲಿ ಹೆಚ್ಚು ಜಾರಿಕೆಗೆ ಬಿಡುವ, ಹಿಂದಿನ ಚಕ್ರದ ಎ.ಬಿ.ಎಸ್. ತೆಗೆದುಹಾಕುವ 'ಆಫ್ ರೋಡ್' ಕ್ರಮವಿದೆ. ಹೊಲದಿಂದ ಡಾಂಬರಿಗೆ ಏರಿದೊಡನೆ ಅದನ್ನು ಮರಳಿ ರಸ್ತೆಯ ಕ್ರಮಕ್ಕೆ ತರಬೇಕು. ಮಣ್ಣಿನಲ್ಲಿ ಓಡಿಸಲೆಂದು ಇಳಿಸಿದ ಗಾಳಿಯನ್ನೂ ಮತ್ತೆ ತುಂಬಿಸಬೇಕು. ಆದರೆ ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ನೀರು ಕುಡಿದರೆ ಉಬ್ಬಿ, ಬೆಣ್ಣೆಯಂತಾಗಿ, ಮುಟ್ಟಿದ್ದಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಉಬ್ಬುಗಳ ಸಂದೆಲ್ಲ ಮುಚ್ಚಿ ಬಟನ್ ಟೈರೂ ನುಣ್ಣನೆಯ ಮಣ್ಣಿನ ಉಂಡೆಯಾಗುತ್ತದೆ. ಆ ಕೆಸರಿನ ಚಕ್ರದೊಡನೆ ಡಾಂಬರಿಗೆ ಏರಿದರೆ ಮೊದಲ ಒಂದೆರಡು ಫರ್ಲಾಂಗು ಟೈರಿಗೂ ರಸ್ತೆಗೂ ನಡುವೆ ಜೇಡಿಯೇ ಇರುತ್ತದೆ. ಟ್ರ್ಯಾಕ್ಟರುಗಳು ಹೊಲದಿಂದ ಹೊತ್ತು ತಂದು ರಸ್ತೆಗೆ ಬಳಿದ ಕೆಸರಂತೂ ಇದ್ದೇ ಇದೆ.

ಹುಡುಗ ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದನು. "ದುಡ್ಡು ಕೊಟ್ಟು ಹಾಕಿಸಿಬಿಟ್ಟೆನಲ್ಲಾ ಸಾರ್" ಎಂದನು. ನಾನು ಬೇರೇನೂ ಹೇಳದೆ, ಬೆಂಗಳೂರಿನಿಂದ ಅವನ ಹೊಲದ ಬದುವಿನವರೆಗಿನ ದಾರಿಯನ್ನು ಕಾಗದದ ಮೇಲೆ ಬರೆಯಲು ಹೇಳಿದೆ. ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಡಾಂಬರು. ಮಣ್ಣಿನ ದಾರಿ ಎರಡು ಕಿಲೋಮೀಟರು. ಅದನ್ನು ನೋಡಿ ತಾನೇ ನಕ್ಕನು. ಒಂದು ತಿಂಗಳು ವೇಗ ತಗ್ಗಿಸಿ ಓಡಾಡಿ, ದೀಪಾವಳಿಯ ನಂತರ ಮುಂದಕ್ಕೂ ಹಿಂದಕ್ಕೂ ಕಡಿಮೆ ಆಳದ, ಬಹುಪಾಲು ರಸ್ತೆಗೆಂದೇ ಮಾಡಿದ ಜೋಡಿ ಟೈರು ಹಾಕಿಸಿದನು. ಮಳೆ ಬಂದ ದಿನ ಬೈಕನ್ನು ಡಾಂಬರಿನ ಅಂಚಿನಲ್ಲಿಯೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊಲಕ್ಕೆ ನಡೆದುಹೋಗುತ್ತಾನೆ. "ಅವ ಬರೋದು ಒಂದು ತಾಸು ತಡವಾದರೂ ಚಿಂತಿಲ್ಲ ಮೇಷ್ಟ್ರೇ, ಬಂದರೆ ಸಾಕು" ಎಂದು ಅವನ ತಾಯಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಹಾಸಿಗೆ ಹಿಡಿದ ಗಂಡನನ್ನೂ ವಾರಕ್ಕೊಮ್ಮೆ ಬರುವ ಮಗನನ್ನೂ ನೆಚ್ಚಿಕೊಂಡಿರುವ ಆ ತಾಯಿಯ ಮಾತಿನ ಮುಂದೆ ನನ್ನ ಗುಣಾಂಕಗಳೆಲ್ಲ ಸಣ್ಣವು.

ನಿಮ್ಮಲ್ಲಿ ಇಂಥ ಬೈಕು ಇರುವವರು ಅನೇಕರಿದ್ದೀರಿ. ಈ ಭಾನುವಾರ ಒಂದು ಸೀಮೆಸುಣ್ಣ, ಒಂದು ಟೇಪು ಹಿಡಿದು ನಿಮ್ಮ ಚಕ್ರದ ಒಂದು ಸುತ್ತನ್ನು ಅಳೆಯಿರಿ. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಮುಂದಿನ ಟೈರು ಬದಲಿಸುವಾಗ ಅದೇ ಅಳತೆಯನ್ನು ಮತ್ತೊಮ್ಮೆ ತೆಗೆದು ಹೋಲಿಸಿರಿ. ಸುಗ್ಗಿಯ ತಿಂಗಳುಗಳಲ್ಲಿ ರಸ್ತೆಯ ಮೇಲೆ ಹುರುಳಿಯೋ ರಾಗಿಯೋ ಕಂಡರೆ, ಅದರ ಮೇಲೆ ಹತ್ತುವ ಮೊದಲೇ ವೇಗವನ್ನು ಇಳಿಸಿ, ಹ್ಯಾಂಡಲ್ ನೇರವಾಗಿ ಹಿಡಿದು, ಬ್ರೇಕು ಮುಟ್ಟದೆ ನಿಧಾನವಾಗಿ ದಾಟಿರಿ. ಅಲ್ಲಿ ಬೆಳೆ ಹರಡಿದವರೂ ನಮ್ಮವರೇ, ಅದರ ಮೇಲೆ ಹೋಗುವವರೂ ನಮ್ಮವರೇ.