ಕಾರು ಯಾವಾಗ ಕಾಯ್ತದ ಅಂತ ನೋಡ್ರಿ

ಕುಕ್ಕರಿನ ರಿಂಗು ಸಡ್ಲ ಆದ್ರ ಸೀಟಿ ಹೊಡಿಯೂದಿಲ್ಲ, ಬದೀಲೆ ಉಗಿ ಹೋಗಿ ಬ್ಯಾಳಿ ಹಂಗ ಉಳೀತದ. ಇದು ಅಡಿಗಿ ಮಾಡೋರಿಗೆಲ್ಲಾ ಗೊತ್ತು. ಕಾರಿನ ರೇಡಿಯೇಟರ್ ಮುಚ್ಚಳದ ಕೆಲಸಾನೂ ಅದ. ನಮ್ಮ ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಾಗ ಅದ. ಹಿಂಗಾಗಿ ನಮ್ಮ ಬಚ್ಚಲ ಹಂಡೇದಾಗಿನ ನೀರು 100 ಡಿಗ್ರಿ ಮುಟ್ಟೂಕಿಂತ ಮೊದಲ, 97-98ಕ್ಕನ ಕುದೀತದ. ರೇಡಿಯೇಟರಿನ ಮುಚ್ಚಳ ಬಿಗೀ ಇದ್ದು ಒಳಗ ಒತ್ತಡ ನಿಂತ್ರ ಅದೇ ನೀರು 110 ಡಿಗ್ರಿಗೂ ಕುದಿಯೂದಿಲ್ಲ. ಅದಕ್ಕನ, ಕಾದ ಇಂಜಿನ್ನಿನ ಮುಚ್ಚಳ ಎಂದೂ ತಗೀಬಾರದು. ತಗದ್ರ ಒತ್ತಡ ಒಮ್ಮೆಲೆ ಇಳದು ನೀರೆಲ್ಲಾ ಕುದ್ದು ಮುಖಕ್ಕ ಹಾರತದ.

ಇಷ್ಟೆಲ್ಲಾ ನಾವು ಕಲಿಯೂ ಪ್ರಸಂಗ ಬಂದದ್ದು ಹೋದ ಮೇ ತಿಂಗಳದಾಗ. ನಮ್ಮ ಅತ್ತಿಯವರಿಗೆ ವಾರಕ್ಕ ಎರಡು ಸಲ ಹುಬ್ಬಳ್ಳ್ಯಾಗ ಡಯಾಲಿಸಿಸ್. ಸುಮಾರು 20 ಕಿಲೋಮೀಟರ್ ದಾರಿ. ಮುಗಿಸ್ಕೊಂಡು ಹೊರಗ ಬಂದಾಗ ಅವರಿಗೆ ಕೂಡಲಿಕ್ಕೂ ತ್ರಾಣ ಇರೂದಿಲ್ಲ, ಬಸ್ಸಿನ ಮಾತು ದೂರ ಉಳೀತು. ಅಂಥಾದ್ರಾಗ ನಮ್ಮ 14 ವರ್ಷದ ಕಾರಿನ ಮುಳ್ಳು ಕೆಂಪು ಗೀಟಿನ ಕಡೆ ಏರಲಿಕ್ಕೆ ಶುರು ಮಾಡ್ತು. ಗ್ಯಾರೇಜಿಗೆ ಒಯ್ದ್ವಿ. ಅಲ್ಲಿಯವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗ್ಯಾದ್ರಿ, ಇಂಜಿನ್ ಬಿಚ್ಚಬೇಕು, 18 ಸಾವಿರ ಆಗ್ತದ, ಎಂಟು ದಿನಾ ಗಾಡಿ ಬಿಡ್ರಿ" ಅಂದ್ರು. ನಮ್ಮನಿಯವರು ಮನೀಗೆ ಬಂದು ಗಾಡಿ ಮಾರೂ ಮಾತಿಗೇ ಬಂದ್ರು.

ಬಸ್ ಡಿಪೋದಾಗ ಮೆಕ್ಯಾನಿಕ್ ಆಗಿ ರಿಟಾಯರ್ ಆದ ನಮ್ಮ ಕಾಕಾ ಅವತ್ತ ಸಂಜೀಕೆ ಬಂದಿದ್ರು. ಅವರು ಬಾನೆಟ್ ಎತ್ತಲಿಲ್ಲ. ಚಹಾ ಕುಡಕೋತ ಒಂದ ಪ್ರಶ್ನಿ ಕೇಳಿದ್ರು: "ಮುಳ್ಳು ಯಾವಾಗ ಏರತದವಾ? ಓಡೂ ಮುಂದೋ, ನಿಂತಾಗೋ?"

ನಿಂತಾಗ. ಉಣಕಲ್ ತನಕಾ ತಣ್ಣಗ ಹೋಗತದ, ಹುಬ್ಬಳ್ಳಿ ಸಿಗ್ನಲ್ಲಿನ್ಯಾಗ ನಿಂತ್ರ ಏರತದ, ಮತ್ತ ಓಡಿದ್ರ ಇಳೀತದ.

"ಹಂಗಾರ ಮೊದಲ ಫ್ಯಾನ್ ನೋಡೂಣು" ಅಂದ್ರು. ಗಾಡಿ ಓಡೂ ಮುಂದ ಎದುರಿನ ಗಾಳೀನ ರೇಡಿಯೇಟರ್ ತಂಪು ಮಾಡತದ. ನಿಂತಾಗ ಆ ಕೆಲಸಾ ಫ್ಯಾನಿಂದು. ತಿರುಗಾಮುರುಗಾ ಇದ್ದು, ಓಡೂ ಮುಂದ, ಘಾಟ್ ಏರೂ ಮುಂದ ಕಾದ್ರ ಮಾತು ಬ್ಯಾರೆ: ನೀರು ಕಡಿಮಿ ಆಗಿರತದ, ಥರ್ಮೋಸ್ಟಾಟ್ ತಗೀವಲ್ತು, ವಾಟರ್ ಪಂಪು ಸೋತಿರತದ, ಇಲ್ಲಾ ಬೋರಿನ ನೀರು ಹಾಕಿ ಹಾಕಿ ಹಂಡೇದಾಗ ಕಟ್ಟಿದಂಗ ರೇಡಿಯೇಟರ್ ಒಳಗ ಸುಣ್ಣ ಕಟ್ಟಿರತದ.

ಮರುದಿನಾ ಮುಂಜಾನೆ, ಇಂಜಿನ್ ತಣ್ಣಗ ಇದ್ದಾಗ, ಕಾಕಾ ಮೊದಲ ಗ್ಯಾಸ್ಕೆಟ್ಟಿನ ಸಂಶೇ ತಗದ್ರು. ಆಯಿಲ್ ಮುಚ್ಚಳದ ಒಳಗ ಹಾಲಿನ ಕೆನಿ ಹಂಗ ಹತ್ತಿರಲಿಲ್ಲ. ರೇಡಿಯೇಟರ್ ಮುಚ್ಚಳ ತಗದು ಗಾಡಿ ಚಾಲೂ ಮಾಡಿದ್ರ ನೀರಾಗ ಗುಳ್ಳಿ ಏಳಲಿಲ್ಲ. ಸೈಲೆನ್ಸರಿನಿಂದ ನಿಲ್ಲಲಾರದಂಥಾ ಬಿಳೇ ಹೊಗಿ ಬರಲಿಲ್ಲ. "ಗ್ಯಾಸ್ಕೆಟ್ ಹೋಗ್ಯಾದ ಅನ್ನಲಿಕ್ಕೆ ಒಂದ ಸಾಕ್ಷೀನೂ ಇಲ್ಲ" ಅಂದ್ರು.

ಮುಚ್ಚಳ ಹಾಕಿ ಗಾಡಿ ನಿಂತಲ್ಲೇ ಚಾಲೂ ಬಿಟ್ಟ್ವಿ. ಮ್ಯಾಲಿನ ಪೈಪು ಕಾದ್ತು, ಆಮ್ಯಾಲೆ ಕೆಳಗಿಂದೂ ಕಾದ್ತು. ಅಂದ್ರ ಥರ್ಮೋಸ್ಟಾಟ್ ತಗದದ, ನೀರು ತಿರಗಲಿಕ್ಕೆ ಹತ್ಯಾದ. ಮುಳ್ಳು ಅರ್ಧಾ ದಾಟಿದ್ರೂ ಫ್ಯಾನ್ ಅಲುಗಲಿಲ್ಲ. ಏಸಿ ಹಾಕಿದ್ರೂ ಇಲ್ಲ. ಗಾಡಿ ಬಂದ್ ಮಾಡಿ, ಬ್ಯಾಟರಿಯಿಂದ ಎರಡು ವೈರ್ ಎಳದು ಫ್ಯಾನಿಗೆ ನೇರ ಕೊಟ್ಟ್ರು. ಗರಗರ ತಿರಗ್ತು! ಮೋಟಾರ್ ಬರೋಬ್ಬರಿ ಅದ. ಫ್ಯೂಸೂ ಚೊಲೋ ಇತ್ತು. ಉಳದದ್ದು ರಿಲೇ. ನಮ್ಮ ಗಾಡ್ಯಾಗ ಹಾರ್ನಿನ ರಿಲೇನೂ ಅದ ನಮೂನಿದು. ಅದನ್ನ ಕಿತ್ತು ಫ್ಯಾನಿನ ಜಾಗಾಕ್ಕ ಹಾಕಿದ್ರು. ಫ್ಯಾನ್ ತಾನ ಶುರು ಆತು.

ಹೊಸಾ ರಿಲೇಕ್ಕ 240 ರೂಪಾಯಿ. ಮುಚ್ಚಳದ ರಬ್ಬರೂ ಒಣಗಿ ಕಟ್ಟಿಗಿ ಆಗಿತ್ತು, ಅದನ್ನೂ ಬದಲಿ ಮಾಡಿದ್ವಿ. ಹಳೇ ನೀರು ಚೆಲ್ಲಿ, ಡಿಸ್ಟಿಲ್ಡ್ ನೀರಿನ್ಯಾಗ ಕೂಲಂಟ್ ಕೂಡಿಸಿ ತುಂಬಿಸಿದ್ವಿ. ಆ ಗುರುವಾರ ಅತ್ತಿಯವರು ಅದ ಗಾಡ್ಯಾಗ ಹುಬ್ಬಳ್ಳಿಗೆ ಹೋಗಿ ಬಂದ್ರು. ಬರೂ ಮುಂದ ಸಿಗ್ನಲ್ಲಿನ್ಯಾಗ ನಾವು ಮುಳ್ಳು ನೋಡ್ಕೋತ ಕೂತಿದ್ವಿ, ಅವರು ಹಿಂದ ನಿದ್ದಿ ಹತ್ತಿ ಮಲಗಿದ್ರು.

ದಾರ್ಯಾಗ ಮುಳ್ಳು ಏರಿದ್ರ ಏಸಿ ಬಂದ್ ಮಾಡ್ರಿ, ಹೀಟರ್ ಪೂರಾ ಹಚ್ರಿ. ಸೆಕಿ ನಿಮಗ ಆಗ್ತದ ಖರೆ, ಇಂಜಿನ್ನಿನ ಬಿಸಿ ಅಷ್ಟು ಹೊರಗ ಬೀಳತದ. ಕೆಂಪು ಗೀಟು ಮುಟ್ಟಿತಂದ್ರ ಬದೀಗೆ ನಿಲ್ಲಿಸಿ ಬಂದ್ ಮಾಡ್ರಿ. ಇನ್ನ ಎರಡ ಕಿಲೋಮೀಟರ್ ಅಂತ ಓಡಿಸಿದ್ರ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಿ, ಇಲ್ಲದ ಗ್ಯಾಸ್ಕೆಟ್ ಖರ್ಚು ಖರೇನ ಬರತದ. ತಾಸಿನ ಹತ್ರ ಬಿಟ್ಟು, ಪೂರಾ ಆರಿದ ಮ್ಯಾಲೆ ಮುಚ್ಚಳ ಮುಟ್ರಿ. ಕಾದ ಇಂಜಿನ್ನಿಗೆ ತಣ್ಣೀರು ಸುರೀಬ್ಯಾಡ್ರಿ.

ಗ್ಯಾರೇಜಿಗೆ ಹೋಗೂ ಮೊದಲ ಒಂದು ಚೀಟ್ಯಾಗ ಬರಕೋರಿ: ನಿಂತಾಗ ಕಾಯ್ತದೋ ಓಡೂ ಮುಂದೋ, ಫ್ಯಾನ್ ತಿರಗತದೋ ಇಲ್ಲೋ, ನೀರು ಕಡಿಮಿ ಆಗ್ತದೋ ಇಲ್ಲೋ. ಈ ಮೂರೂ ಕೇಳದನ ಇಂಜಿನ್ ಬಿಚ್ಚತೇನಿ ಅನ್ನೋರ ಕಡೆ ಗಾಡಿ ಬಿಡಬ್ಯಾಡ್ರಿ.